325ರಿಂದ 2,733ಕ್ಕೆ: ದೆಹಲಿಯ ಸಾವಿನ ಲೆಕ್ಕ

ಲಕ್ಷ್ಮೀ ನಗರದಲ್ಲಿ ಮೆಟ್ರೊ ಹತ್ತಿ ಆನಂದ ವಿಹಾರದ ಕಡೆಗೆ ಹೊರಟರೆ ಮೂರನೆಯ ನಿಲ್ದಾಣ ಕರ್ಕರ್‌ಡೂಮಾ. ಇಳಿಯುವವರಲ್ಲಿ ಹೆಚ್ಚಿನವರ ಕೈಯಲ್ಲಿ ಕಡತ ಇರುತ್ತದೆ. ಪೂರ್ವ ದೆಹಲಿಯ ಕೋರ್ಟುಗಳು ಇರುವುದು ಅಲ್ಲೇ. ಕೋರ್ಟಿನ ಹತ್ತಿರವೇ ಮಹರ್ಷಿ ವಾಲ್ಮೀಕಿ ಮಾರ್ಗದಲ್ಲಿ ಸಾಂಖ್ಯಿಕಿ ಭವನ ಎಂಬ ಸರ್ಕಾರಿ ಕಟ್ಟಡವಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಕ್ಷೇತ್ರಕಾರ್ಯ ವಿಭಾಗದ ಕೇಂದ್ರ ಅದು. ದೇಶದ ಮನೆ ಮನೆಗೆ ಹೋಗಿ ಎಷ್ಟು ಅಕ್ಕಿ ತಂದಿರಿ, ಯಾರಿಗೆ ಕೆಲಸವಿದೆ, ಕಾಯಿಲೆಗೆ ಎಷ್ಟು ಖರ್ಚಾಯಿತು ಎಂದು ಕೇಳಿ ಬರೆದುಕೊಳ್ಳುವವರ ದೊಡ್ಡ ಮನೆ.

ಕೋರ್ಟಿನ ಹಳೆಯ ಕಡತಗಳಲ್ಲಿ 1984 ಇದೆ. ನೆರೆಯ ಸಾಂಖ್ಯಿಕಿ ಭವನದವರು ಮನೆ ಮನೆಗೆ ಒಯ್ಯುವ ಪ್ರಶ್ನೆಗಳಲ್ಲಿ ಆ ವರ್ಷದಂಥ ವರ್ಷಗಳಿಗೆ ಜಾಗವಿಲ್ಲ. ಆಡಳಿತ, ಶಾಂತಿ, ಭದ್ರತೆ ಇವನ್ನೂ ಬೆಳೆ-ಬೆಲೆಗಳಂತೆ ಅಳೆಯಬೇಕು, ಅಳತೆ ಸರ್ಕಾರದ ಅಧಿಕೃತ ಪುಸ್ತಕಕ್ಕೆ ಬರಬೇಕು ಎಂಬ ಮಾತು ಈಗ ಜಗತ್ತಿನಲ್ಲೆಲ್ಲ ಕೇಳುತ್ತಿದೆ. ನಮ್ಮ ದೇಶದಲ್ಲಿ ಆ ಅಳತೆ ಎಲ್ಲಿ ತಪ್ಪಿತು, ಎಲ್ಲಿ ಸ್ವಲ್ಪ ಸರಿಹೋಯಿತು, ಇನ್ನೂ ಎಲ್ಲಿ ಕುರುಡಾಗಿದೆ ಎಂದು ತಿಳಿಯಲು ಯಮುನೆಯ ಈ ದಂಡೆಗಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ. ದೆಹಲಿಯವರು ಈ ಭಾಗವನ್ನು ಜಮ್ನಾಪಾರ್ ಎನ್ನುತ್ತಾರೆ. ಹೊಳೆಯಾಚೆಯವರು ಎಂದರೆ ನಮ್ಮ ಕಡೆ ಹೇಗೋ ಹಾಗೆ. ಅದರಲ್ಲಿ ತುಸು ತಾತ್ಸಾರವೂ ಸೇರಿದೆ.

1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ನವೆಂಬರ್ 1ರಿಂದ 3ರವರೆಗೆ ರಾಜಧಾನಿಯಲ್ಲಿ ಸಿಖ್ಖರನ್ನು ಹುಡುಕಿ ಹುಡುಕಿ ಕೊಂದರು. ಲಕ್ಷ್ಮೀ ನಗರದಿಂದ ಐದಾರು ಕಿಲೋಮೀಟರ್ ದೂರದ ತ್ರಿಲೋಕಪುರಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ನಗರದೊಳಗಿನ ಗುಡಿಸಲುಗಳನ್ನು ಎತ್ತಿಸಿ ಬಡವರನ್ನು ತಂದು ಕೂರಿಸಿದ ಬಡಾವಣೆ. ಅಲ್ಲಿನ 32ನೇ ಬ್ಲಾಕಿನಲ್ಲಿದ್ದ ಸಿಖ್ಖರಲ್ಲಿ ಬಹಳ ಮಂದಿ ಲಬಾನಾ ಸಮುದಾಯದವರು, ಹಗ್ಗದ ಮಂಚ ಹೆಣೆದು ಹೊಟ್ಟೆ ಹೊರೆಯುತ್ತಿದ್ದವರು. ನವೆಂಬರ್ 2ರ ಮಧ್ಯಾಹ್ನ ಇಂಡಿಯನ್ ಎಕ್ಸ್‌ಪ್ರೆಸ್‌ನ ರಾಹುಲ್ ಬೇಡಿ, ಜೋಸೆಫ್ ಮಲಿಯಾಕನ್ ಮತ್ತು ಜನಸತ್ತಾದ ಆಲೋಕ್ ತೋಮರ್ ಆ ಬ್ಲಾಕಿಗೆ ಹೋದರು. ಕೊಲೆ ತಡೆಯಬೇಕಾದ ಠಾಣೆ ಇದ್ದದ್ದು ಪಕ್ಕದ ಕಲ್ಯಾಣಪುರಿಯಲ್ಲೇ. ಬೇಡಿ ಮುಂದೆ ಬರೆದ ಪ್ರಕಾರ, ಎರಡು ಇಕ್ಕಟ್ಟಾದ ಗಲ್ಲಿಗಳಲ್ಲೇ ಸತ್ತವರು ಸುಮಾರು 320 ಮಂದಿ.

ಆ ತಿಂಗಳು ಇಡೀ ದೆಹಲಿಯಲ್ಲಿ ಸತ್ತವರೆಷ್ಟು ಎಂದು ಕೇಳಿದಾಗ ಸರ್ಕಾರ ಹೇಳಿದ ಸಂಖ್ಯೆ 325.

ಎರಡು ಗಲ್ಲಿಯ ಸಾವು ಒಂದು ಕಡೆ, ರಾಜಧಾನಿಯ ಒಟ್ಟು ಸಾವು ಇನ್ನೊಂದು ಕಡೆ, ಎರಡೂ ಹೆಚ್ಚುಕಡಿಮೆ ಸಮ! ಇದನ್ನು ಸುಳ್ಳು ಎಂದಷ್ಟೇ ಹೇಳಿ ಮುಗಿಸಬಹುದು. ಆದರೆ ಆ ಸುಳ್ಳು ಎಂಥ ಯಂತ್ರದಿಂದ ಹೊರಬಂತು ಎಂಬುದನ್ನೂ ನೋಡಬೇಕು. ಠಾಣೆಯ ಲೆಕ್ಕದಲ್ಲಿ ಸಾವು ಸಾವೆನಿಸಬೇಕಾದರೆ ಮೊದಲು ಹೆಣ ಬೇಕು. ಹೆಣ ಸಿಕ್ಕರೆ ಮಹಜರು, ಮಹಜರಾದರೆ ಮರಣೋತ್ತರ ಪರೀಕ್ಷೆ, ಅದರ ಮೇಲೆ ಒಂದು ನಂಬರು. ಆ ಮೂರು ದಿನ ಮನುಷ್ಯರನ್ನು ಸೀಮೆಎಣ್ಣೆ ಸುರಿದು ಸುಟ್ಟಿದ್ದರು. ಸುಟ್ಟ ಮೂಳೆಗೆ ಹೆಸರಿಲ್ಲ. ಸತ್ತವನ ಹೆಂಡತಿ ಕಣ್ಣಾರೆ ಕಂಡಿದ್ದಾಳೆ, ಆದರೆ ಅವಳಿರುವುದು ಪರಿಹಾರ ಶಿಬಿರದಲ್ಲಿ, ಅವಳ ದೂರು ಬರೆದುಕೊಳ್ಳಬೇಕಾದದ್ದು ಅಂದು ಕೈಕಟ್ಟಿ ನಿಂತ ಅದೇ ಠಾಣೆ. ಹೆಣವಿಲ್ಲದವನು ಕಾಣೆಯಾದವನು. ಕಾಣೆಯಾದವನನ್ನು ಸತ್ತನೆಂದು ಕಾನೂನು ಭಾವಿಸಬೇಕಾದರೆ ಅಂದಿನ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನ ಪ್ರಕಾರ ಏಳು ವರ್ಷ ಅವನ ಸುದ್ದಿಯೇ ಇರಬಾರದಿತ್ತು. ಕೊಂದವರು ಹೆಣವನ್ನೂ ಸುಟ್ಟರೆ ಸಂಖ್ಯೆಯೂ ಬೂದಿಯಾಗುತ್ತದೆ. ಠಾಣೆಯ ಲೆಕ್ಕವೊಂದನ್ನೇ ನಂಬಿದ ದೇಶಕ್ಕೆ ಇಂಥ ಹೊತ್ತಿನಲ್ಲಿ ಕಣ್ಣು ಇರುವುದಿಲ್ಲ.

ಮೊದಲು ಎಣಿಸಲು ಹೊರಟವರು ಸರ್ಕಾರದವರಲ್ಲ. ಪಿಯುಡಿಆರ್ ಮತ್ತು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಗಳು ಬಡಾವಣೆಗಳಲ್ಲಿ, ಶಿಬಿರಗಳಲ್ಲಿ ಸುತ್ತಿ ಅದೇ ನವೆಂಬರಿನಲ್ಲಿ ಒಂದು ಕಿರುಪುಸ್ತಿಕೆ ತಂದವು. ಸತ್ತವರು ಸಾವಿರಕ್ಕೂ ಮಿಕ್ಕಿ ಎಂಬುದು ಅವರ ಅಂದಾಜು. ಈಗ ನೋಡಿದರೆ ಅದೂ ಕಡಿಮೆಯೇ. ಬಳಿಕ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿಯವರ ಅಧ್ಯಕ್ಷತೆಯಲ್ಲಿ ನಾಗರಿಕರ ಆಯೋಗವೊಂದು ಕೂತಿತು, 1985ರ ಜನವರಿಯಲ್ಲಿ ವರದಿ ಕೊಟ್ಟಿತು. ಅದರ ಸದಸ್ಯರಲ್ಲೊಬ್ಬರು ಗೋವಿಂದ ನಾರಾಯಣ್. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. 1977ರಿಂದ 1983ರವರೆಗೆ ಅವರು ನಮ್ಮ ರಾಜ್ಯಪಾಲರಾಗಿದ್ದರು. ಬೆಂಗಳೂರಿನ ರಾಜಭವನ ಬಿಟ್ಟು ಎರಡು ವರ್ಷವಾಗಿರಲಿಲ್ಲ, ಆಡಳಿತ ಸೇವೆಯಲ್ಲೇ ಬಾಳು ಸವೆಸಿದ ಆ ಹಿರಿಯರು ಅದೇ ಆಡಳಿತದ ಲೋಪದ ಸಾಕ್ಷ್ಯ ಕೇಳಲು ಕೂತರು.

ಸರ್ಕಾರ ನೇಮಿಸಿದ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗದ ವರದಿ ಸಂಸತ್ತಿನ ಮುಂದೆ ಬಂದದ್ದು 1987ರ ಫೆಬ್ರುವರಿಯಲ್ಲಿ. ಸತ್ತವರ ಸಂಖ್ಯೆಯ ಬಗ್ಗೆ ತಕರಾರು ಇರುವುದರಿಂದ ಅದೊಂದನ್ನೇ ನೋಡಲು ಪ್ರತ್ಯೇಕ ಸಮಿತಿ ಆಗಲಿ ಎಂದು ಅದು ಹೇಳಿತ್ತು. ಹಾಗೆ ಆದದ್ದು ದೆಹಲಿಯ ಗೃಹ ಕಾರ್ಯದರ್ಶಿ ಆರ್.ಕೆ. ಅಹೂಜಾ ಅವರ ಸಮಿತಿ. ಒಂದು ಪ್ರಜಾಪ್ರಭುತ್ವ ತನ್ನ ರಾಜಧಾನಿಯಲ್ಲಿ ಸತ್ತವರನ್ನು ಎಣಿಸಲೆಂದೇ, ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಒಂದು ಸಮಿತಿ ಮಾಡಬೇಕಾಯಿತು. ಈ ಸಾಲನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಅಹೂಜಾ ಸಮಿತಿ ಠಾಣೆಯ ಪುಸ್ತಕಕ್ಕೆ ಅಂಟಿಕೊಳ್ಳದೆ ಅದರಾಚೆಯ ಪಟ್ಟಿಗಳನ್ನೂ ನೋಡಿತು. 1987ರಲ್ಲಿ ಅದು ಕೊಟ್ಟ ಸಂಖ್ಯೆ 2,733. ಮೊದಲು ಹೇಳಿದ್ದಕ್ಕೆ ಎಂಟು ಪಟ್ಟಿಗಿಂತ ಹೆಚ್ಚು. ಇಂದಿಗೂ ಅಧಿಕೃತವಾಗಿ ಉಳಿದಿರುವುದು ಅದೇ.

ಸಂಖ್ಯೆಯಿಂದ ಏನಾಗುತ್ತದೆ ಎನ್ನುವವರಿಗೆ ಇಲ್ಲೊಂದು ಉತ್ತರವಿದೆ. ಸತ್ತವರ ಕುಟುಂಬಕ್ಕೆ ಮೊದಲು ಕೊಟ್ಟ ಪರಿಹಾರ 10,000 ರೂಪಾಯಿ, ಆಮೇಲೆ ಅದು 20,000 ಆಯಿತು. 1996ರ ಜುಲೈಯಲ್ಲಿ ಭಜನ್ ಕೌರ್ ಎಂಬ ವಿಧವೆಯ ಅರ್ಜಿಯ ಮೇಲೆ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಅನಿಲ್ ದೇವ್ ಸಿಂಗ್ ಅದನ್ನು ಮೂರೂವರೆ ಲಕ್ಷಕ್ಕೆ ಏರಿಸಿದರು. ಪ್ರಜೆಯ ಪ್ರಾಣ ಕಾಯುವುದು ಪ್ರಭುತ್ವದ ಹೊಣೆ, ಅದರಲ್ಲಿ ಸೋತರೆ ತೆರಬೇಕು ಎಂಬುದು ತೀರ್ಪಿನ ತಿರುಳು. ಪಟ್ಟಿಯಲ್ಲಿ ಗಂಡನ ಹೆಸರಿದ್ದವಳಿಗೆ ಆ ಹಣ. ಹೆಸರಿಲ್ಲದವಳಿಗೆ ಮತ್ತೆ ಅರ್ಜಿ, ಮತ್ತೆ ಸಾಕ್ಷಿ, ಮತ್ತೆ ಸರತಿ.

ಸಾವುಗಳು ಹೀಗೆ ತಡವಾಗಿಯಾದರೂ ಪುಸ್ತಕಕ್ಕೆ ಬಂದವು. ಕೊಲೆಗಳು ಬರಲಿಲ್ಲ. ದೆಹಲಿಯಲ್ಲಿ 2,733 ಸಾವಿಗೆ ದಾಖಲಾದ ಎಫ್‌ಐಆರ್‌ಗಳು 587. ಒಂದೊಂದು ಕೊಲೆಗೂ ಒಂದೊಂದು ದೂರು ಬರೆಯದೆ, ಇಡೀ ಪ್ರದೇಶದ ಹತ್ಯೆ, ಲೂಟಿ, ಬೆಂಕಿಯನ್ನೆಲ್ಲ ಒಂದೇ ಎಫ್‌ಐಆರಿನಲ್ಲಿ ತುರುಕಿದರು. ಸುಮಾರು 240 ಪ್ರಕರಣಗಳನ್ನು ಪತ್ತೆಯಾಗಲಿಲ್ಲ ಎಂದು ಮುಚ್ಚಿದರು. ನಮ್ಮ ಕಡೆ ಠಾಣೆಯ ಭಾಷೆಯಲ್ಲಿ ಹೇಳುವುದಾದರೆ ‘ಸಿ ರಿಪೋರ್ಟ್’ ಹಾಕಿದರು. ತ್ರಿಲೋಕಪುರಿಯ ಒಂದು ದೊಡ್ಡ ಪ್ರಕರಣ ಇದೇ ಕರ್ಕರ್‌ಡೂಮಾ ಕೋರ್ಟಿನಲ್ಲಿ ನ್ಯಾಯಾಧೀಶ ಎಸ್.ಎನ್. ಧಿಂಗ್ರಾ ಅವರ ಮುಂದೆ ನಡೆಯಿತು. 1996ರ ಆಗಸ್ಟಿನಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು: ದಂಗೆ ಎದ್ದದ್ದಕ್ಕೆ, ಮನೆ ಸುಟ್ಟದ್ದಕ್ಕೆ, ಕರ್ಫ್ಯೂ ಮುರಿದದ್ದಕ್ಕೆ. ಅದೇ ಕಡತದಲ್ಲಿ 95 ಸಾವುಗಳ ಮಾತಿದೆ. ಆದರೆ ಅದರಲ್ಲಿ ಕೊಲೆಯ ಆರೋಪ ಯಾರ ಮೇಲೂ ಇರಲಿಲ್ಲ. 2018ರ ನವೆಂಬರಿನಲ್ಲಿ ಮೇಲ್ಮನವಿಯ ತೀರ್ಪು ಕೊಟ್ಟ ಹೈಕೋರ್ಟಿಗೂ ಈ ಸಂಗತಿ ಕಣ್ಣಿಗೆ ರಾಚಿತು.

ಈ ನೆತ್ತರಿನ ಲೆಕ್ಕ ಇನ್ನೂ ತಕರಾರಿನಲ್ಲಿದ್ದಾಗಲೇ ದೆಹಲಿಯ ಇನ್ನೊಂದು ಮೂಲೆಯಲ್ಲಿ ಅಪರಾಧದ ಅಂಕಿ-ಅಂಶಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಅದರ ಹಿಂದಿನ ಕಥೆ ಹಳೆಯದು. ‘ಕ್ರೈಮ್ ಇನ್ ಇಂಡಿಯಾ’ ಎಂಬ ವಾರ್ಷಿಕ ಪುಸ್ತಕದ ಮೊದಲ ಸಂಚಿಕೆ 1953ರದು. ಬೇಹುಗಾರಿಕೆ ಇಲಾಖೆ ರಾಜ್ಯಗಳಿಂದ ಠಾಣೆಯ ಲೆಕ್ಕ ತರಿಸಿ ಕೂಡಿಸುತ್ತಿತ್ತು. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗಕ್ಕೆ ಧರ್ಮವೀರ ಅಧ್ಯಕ್ಷರು. ಇವರೂ ಒಮ್ಮೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರೇ. ಠಾಣೆಗಳು ದೂರನ್ನು ಬರೆದುಕೊಳ್ಳದೆ ಕಳಿಸುತ್ತವೆ, ಅಪರಾಧದ ಸಂಖ್ಯೆ ಕಡಿಮೆ ತೋರಿಸಿದ ಅಧಿಕಾರಿಯೇ ಜಾಣ ಎನಿಸಿಕೊಳ್ಳುತ್ತಾನೆ ಎಂಬ ರೋಗವನ್ನು ಆ ಆಯೋಗ ಬಿಡಿಸಿ ಹೇಳಿತು. ಅದರ ಮತ್ತು ಮುಂದಿನ ಸಮಿತಿಗಳ ಶಿಫಾರಸಿನಂತೆ 1986ರ ಮಾರ್ಚಿನಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ಶುರುವಾಯಿತು. ಬೆರಳಚ್ಚು ವಿಭಾಗ, ಪೊಲೀಸ್ ಕಂಪ್ಯೂಟರ್ ನಿರ್ದೇಶನಾಲಯ, ಅಪರಾಧ ಅಂಕಿ-ಅಂಶ ಶಾಖೆ ಎಲ್ಲ ಒಂದೇ ಸೂರಿನಡಿ ಬಂದವು.

ಆ ಸೂರು ಇದ್ದದ್ದು ರಾಮಕೃಷ್ಣಪುರಂನ ಈಸ್ಟ್ ಬ್ಲಾಕ್ 7ರಲ್ಲಿ. ದೆಹಲಿ ಕನ್ನಡಿಗರಿಗೆ ರಾಮಕೃಷ್ಣಪುರಂ ಎಂದರೆ ಕರ್ನಾಟಕ ಸಂಘ: ನಾಟಕ, ಯಕ್ಷಗಾನ, ರಾಜ್ಯೋತ್ಸವ. ಈಗ ಕರ್ಕರ್‌ಡೂಮಾದಲ್ಲಿರುವ ಕ್ಷೇತ್ರಕಾರ್ಯ ವಿಭಾಗವೂ ಹಿಂದೆ ಇದ್ದದ್ದು ಅಲ್ಲೇ, ಈಸ್ಟ್ ಬ್ಲಾಕ್ 6ರಲ್ಲಿ. ಠಾಣೆಯ ಪುಸ್ತಕ ಕೂಡಿಸುವವರು ಏಳರಲ್ಲಿ, ಮನೆಬಾಗಿಲು ತಟ್ಟುವವರು ಆರರಲ್ಲಿ. ಹೀಗೆ ಪಕ್ಕಪಕ್ಕದ ಬ್ಲಾಕುಗಳಲ್ಲಿದ್ದರೂ ಆ ಎರಡು ವಿದ್ಯೆಗಳು ಕೂಡಲಿಲ್ಲ.

ಮನೆಬಾಗಿಲು ತಟ್ಟುವ ವಿದ್ಯೆ ನಮ್ಮಲ್ಲಿ ಬಡವಾಗಿರಲಿಲ್ಲ. ಪಿ.ಸಿ. ಮಹಾಲನೋಬಿಸ್ 1950ರಲ್ಲಿ ಕಟ್ಟಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಜಗತ್ತು ಕಣ್ಣರಳಿಸಿ ನೋಡಿತು. ಅದಕ್ಕೂ ಮೊದಲೇ ಅವರು ಕಟ್ಟಿದ್ದ ಸಂಸ್ಥೆಗೆ 1941ರಲ್ಲೇ ಸೇರಿ ಅದನ್ನು ಬೆಳೆಸಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಎಲ್ಲ ಮನೆಗೂ ಹೋಗಬೇಕಿಲ್ಲ, ಸರಿಯಾಗಿ ಆಯ್ದ ಕೆಲವು ಸಾವಿರ ಮನೆಗಳು ಇಡೀ ದೇಶದ ಮಾತು ಹೇಳುತ್ತವೆ ಎಂಬುದು ಆ ವಿದ್ಯೆಯ ಮೂಲ. ಕಳೆದ ಕೆಲವು ತಿಂಗಳಲ್ಲಿ ನಿಮ್ಮ ಮೇಲೆ ಯಾರಾದರೂ ಕೈಮಾಡಿದರಾ, ಮನೆಯಲ್ಲಿ ಕಳ್ಳತನವಾಯಿತೆ, ಆದರೆ ಠಾಣೆಗೆ ಹೋದಿರಾ, ಹೋಗದಿದ್ದರೆ ಏಕೆ ಎಂದು ಅಮೆರಿಕ 1970ರ ದಶಕದಿಂದ, ಬ್ರಿಟನ್ 1982ರಿಂದ ಮನೆಗಳಿಗೇ ಹೋಗಿ ಕೇಳುತ್ತಿವೆ. ನಮ್ಮಲ್ಲಿ ಇಂಥದ್ದೊಂದು ನಿಯಮಿತ ರಾಷ್ಟ್ರೀಯ ಸಮೀಕ್ಷೆ ಇಲ್ಲ.

ಹೀಗಾಗಿ ಉಳಿದದ್ದು ಠಾಣೆಯ ಬಾಗಿಲೊಂದೇ. ಅಲ್ಲೂ ಕೂಡಿಸುವ ಒಂದು ನಿಯಮವಿದೆ: ಒಂದು ಎಫ್‌ಐಆರಿನಲ್ಲಿ ಎಷ್ಟೇ ಅಪರಾಧಗಳಿದ್ದರೂ ಅದರಲ್ಲಿ ಅತಿ ಘೋರವಾದದ್ದರ ಕಾಲಂನಲ್ಲಿ ಮಾತ್ರ ಪ್ರಕರಣವನ್ನು ಎಣಿಸಬೇಕು. ದಂಗೆಯಲ್ಲಿ ಕೊಲೆಯಾದರೆ ಅದು ಕೊಲೆಯ ಕಾಲಂಗೆ ಹೋಗುತ್ತದೆ, ದಂಗೆಯ ಕಾಲಂನಲ್ಲಿ ಕಾಣುವುದಿಲ್ಲ. ಬ್ಯೂರೊ ತನ್ನ ಪುಸ್ತಕದಲ್ಲೇ ಈ ಮಿತಿಯನ್ನು ಬರೆಯುತ್ತ ಬಂದಿದೆ. ಓದುವವರು ಅದನ್ನು ದಾಟಿ ನೇರ ಕೋಷ್ಟಕಕ್ಕೆ ಹೋಗುತ್ತಾರೆ, ಮಾರನೆಯ ದಿನ ಯಾವ ನಗರ ಅಪರಾಧದ ರಾಜಧಾನಿ ಎಂಬ ತಲೆಬರಹ ಬರುತ್ತದೆ.

ಆ ಬಾಗಿಲು ತುಸು ಅಗಲವಾದಾಗ ಏನಾಗುತ್ತದೆ ಎಂಬುದಕ್ಕೂ ದೆಹಲಿಯೇ ಸಾಕ್ಷಿ. 2012ರ ಡಿಸೆಂಬರಿನ ಸಾಮೂಹಿಕ ಅತ್ಯಾಚಾರದ ಬಳಿಕ ಜನ ಬೀದಿಗಿಳಿದರು, ಕಾನೂನು ಬದಲಾಯಿತು. ದೆಹಲಿಯಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 2012ರಲ್ಲಿ 706 ಇದ್ದದ್ದು 2013ರಲ್ಲಿ 1,636 ಆದವು. 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ವಾರಂಟಿಲ್ಲದೆ ಬಂಧಿಸಬಹುದಾದ (ಸಂಜ್ಞೇಯ) ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಬರೆಯಲೇಬೇಕು ಎಂದಿತು. ದೆಹಲಿಯ ಐಪಿಸಿ ಪ್ರಕರಣಗಳು 2013ರಲ್ಲಿ ಸುಮಾರು 80 ಸಾವಿರ, 2014ರಲ್ಲಿ 1.55 ಲಕ್ಷ. ಒಂದೇ ವರ್ಷದಲ್ಲಿ ನಗರದ ಕಳ್ಳರೂ ಕೇಡಿಗರೂ ಇಮ್ಮಡಿಯಾದರೆ? ಇಲ್ಲ. ಹಿಂದೆ ಬಾಯಿಮಾತಿನಲ್ಲಿ ಸಮಾಧಾನ ಹೇಳಿಯೋ ಎನ್‌ಸಿಆರ್ (ಅಸಂಜ್ಞೇಯ ವರದಿ) ಹಾಕಿಯೋ ಕಳಿಸುತ್ತಿದ್ದ ದೂರುಗಳು ಪುಸ್ತಕಕ್ಕೆ ಇಳಿದವು. ಸಂಖ್ಯೆ ಏರಿದ ವರ್ಷವೇ ಆಡಳಿತ ಸುಧಾರಿಸಿದ ವರ್ಷವಾಗಬಹುದು ಎಂಬುದನ್ನು ನಮ್ಮ ರಾಜಕಾರಣ ಇನ್ನೂ ಅರಗಿಸಿಕೊಂಡಿಲ್ಲ. ಅದಕ್ಕೇ ಪ್ರತಿ ಗೃಹಮಂತ್ರಿಗೂ ಸಂಖ್ಯೆ ಇಳಿದರೆ ಹಬ್ಬ.

ಆದರೂ ಎಷ್ಟು ಉಳಿದುಬಿಡುತ್ತದೆ! ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ ದೆಹಲಿ, ಮುಂಬೈ, ಚೆನ್ನೈ, ಬೆಂಗಳೂರುಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಕೇಳಿ 2017ರಲ್ಲಿ ವರದಿ ತಂದಿತು. ಕಳ್ಳತನದಲ್ಲಿ ಕಳೆದುಕೊಂಡವರಲ್ಲಿ ನೂರಕ್ಕೆ ಹತ್ತು ಮಂದಿಯದೂ ಎಫ್‌ಐಆರ್ ಆಗಿರಲಿಲ್ಲ. ಠಾಣೆಗೆ ಅಲೆದು ಏನು ಬಂತು ಎಂಬ ಮಾತು ಜಯನಗರದಲ್ಲೂ ಲಕ್ಷ್ಮೀ ನಗರದಲ್ಲೂ ಒಂದೇ.

ಮನೆಯೊಳಗಿನ ಹಿಂಸೆಯ ಮಾತು ಬಂದರೆ ನಾವು ಕನ್ನಡಿಗರು ತಲೆ ತಗ್ಗಿಸಿ ಕೇಳಬೇಕಾದ ಲೆಕ್ಕವೊಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮದುವೆಯಾದ ಹೆಂಗಸರನ್ನು ಗಂಡನ ಹಿಂಸೆಯ ಬಗ್ಗೆ ಕೇಳುತ್ತದೆ. ಕೇಳುವ ಕ್ರಮ ಬಲು ಜಾಗರೂಕವಾದದ್ದು. ಒಂದು ಮನೆಯಲ್ಲಿ ಒಬ್ಬಳನ್ನು ಮಾತ್ರ ಕೇಳಬೇಕು, ಬೇರೆ ಯಾರೂ ಹತ್ತಿರ ಇರಬಾರದು, ಯಾರಾದರೂ ಒಳಬಂದರೆ ಆ ಪ್ರಶ್ನೆ ನಿಲ್ಲಿಸಬೇಕು. ಹಾಗೆ ಕೇಳಿದಾಗ ಹಿಂಸೆ ಅನುಭವಿಸಿದ್ದೇವೆ ಎಂದವರು ಕರ್ನಾಟಕದಲ್ಲಿ 2015-16ರ ಸುತ್ತಿನಲ್ಲಿ ಶೇ 20.6. ಮುಂದಿನ ಸುತ್ತಿನಲ್ಲಿ ಶೇ 44.4, ದೇಶಕ್ಕೇ ಅತಿ ಹೆಚ್ಚು. ಕೊರೊನಾ ಲಾಕ್‌ಡೌನಿನ ಮೇಲೆ ಹೊರಿಸುವಂತಿಲ್ಲ. ನಮ್ಮ ರಾಜ್ಯದಲ್ಲಿ ಆ ಸುತ್ತಿನ ಮನೆಭೇಟಿ ನಡೆದದ್ದು 2019ರಲ್ಲೇ. ಹೊಡೆತ ಹೆಚ್ಚಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ, ಕೇಳುವವರು ಚೆನ್ನಾಗಿ ಕೇಳಿದರೋ? ಒಂದು ಸಂಖ್ಯೆಯಿಂದ ಇದು ತೀರ್ಮಾನವಾಗದು. ಆದರೆ ಠಾಣೆಯ ಪುಸ್ತಕ ನೋಡುತ್ತ ಕೂತಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕರ್ನಾಟಕದ ಯಾವ ಠಾಣೆಯ ಲೆಕ್ಕವೂ ನೂರಕ್ಕೆ ನಲವತ್ತನಾಲ್ಕು ಮನೆಗಳ ಗುಟ್ಟನ್ನು ಹೇಳಿರಲಿಲ್ಲ.

ಹಿಂಸೆಯ ಜೊತೆಗೆ ಆಡಳಿತ, ಶಾಂತಿಗಳ ಪ್ರಶ್ನೆಗಳನ್ನೂ ಅಧಿಕೃತ ಸಮೀಕ್ಷೆಗೆ ತರುವ ಕೆಲಸದಲ್ಲಿ ಮುಂದಾದವು ಆಫ್ರಿಕದ ದೇಶಗಳು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅಂತರ್ಯುದ್ಧ, ಕ್ಷಿಪ್ರಕ್ರಾಂತಿಗಳ ಬೇಗೆ ಕಂಡ ಆ ಖಂಡದ ಹಲವು ದೇಶಗಳ ಸಾಂಖ್ಯಿಕ ಕಚೇರಿಗಳು 2010ರ ದಶಕದಲ್ಲಿ ಆಫ್ರಿಕ ಒಕ್ಕೂಟದ ಯೋಜನೆಯಡಿ ಮನೆಸಮೀಕ್ಷೆಗೆ ಆಡಳಿತ, ಶಾಂತಿ, ಭದ್ರತೆಯ ಪ್ರಶ್ನೆಗಳ ಕಂತೆಯನ್ನು ಸೇರಿಸಿದವು. ಪೊಲೀಸರನ್ನು ನಂಬುತ್ತೀರಾ, ಲಂಚ ಕೊಟ್ಟಿರಾ, ಇರುಳು ಒಂಟಿಯಾಗಿ ನಡೆಯಲು ಹೆದರಿಕೆಯೆ ಎಂದು ಕೇಳಿದವು. 2015ರಲ್ಲಿ ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗ ಇದಕ್ಕೆಂದೇ ಒಂದು ತಜ್ಞರ ಗುಂಪು ಮಾಡಿದಾಗ ಅದಕ್ಕೆ ಬಂದ ಹೆಸರು ಪ್ರಾಯಾ, ಪುಟ್ಟ ದ್ವೀಪದೇಶ ಕೇಪ್ ವರ್ಡೆಯ ರಾಜಧಾನಿಯದು. 2020ರಲ್ಲಿ ಆ ಗುಂಪಿನ ಕೈಪಿಡಿ ಬಂತು. ಅದೇ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 16ನೆಯದು ಶಾಂತಿ ಮತ್ತು ನ್ಯಾಯದ್ದು. ಹಿಂಸೆಗೆ ಸಿಕ್ಕವರಲ್ಲಿ ಎಷ್ಟು ಮಂದಿ ದೂರು ಕೊಟ್ಟರು ಎಂಬುದು ಅದರ ಒಂದು ಸೂಚಕ. ಠಾಣೆಯ ಪುಸ್ತಕದಿಂದ ಅದನ್ನು ತೆಗೆಯಲಾಗದು. ದೂರು ಕೊಡದವರು ಆ ಪುಸ್ತಕದಲ್ಲಿ ಇರುವುದೇ ಇಲ್ಲವಲ್ಲ.

ಪುಸ್ತಕಕ್ಕೆ ಬಂದದ್ದೂ ಎಲ್ಲ ಹೊರಗೆ ಬರುತ್ತದೆ ಎಂದಲ್ಲ. 2017ರ ‘ಕ್ರೈಮ್ ಇನ್ ಇಂಡಿಯಾ’ ಪ್ರಕಟವಾದದ್ದು 2019ರ ಅಕ್ಟೋಬರಿನಲ್ಲಿ. ಗುಂಪುಹತ್ಯೆ ಸೇರಿದಂತೆ ಕೆಲವು ಹೊಸ ಕಾಲಂಗಳಿಗೆ ರಾಜ್ಯಗಳಿಂದ ಮಾಹಿತಿ ತರಿಸಿದ್ದರೂ ಅದನ್ನು ಅಚ್ಚು ಹಾಕಲಿಲ್ಲ. ನೆಚ್ಚುವಂತಿಲ್ಲ ಎಂಬುದು ಸರ್ಕಾರ ಕೊಟ್ಟ ಕಾರಣ. ನೆಚ್ಚುವಂತಿರದ ಅಂಕಿಯನ್ನು ಅದರ ದೋಷಗಳ ಸಮೇತ ಪ್ರಕಟಿಸುವುದೇ ಮೇಲು ಎಂದು ನನ್ನ ಅಭಿಪ್ರಾಯ. ಅಹೂಜಾ ಸಮಿತಿಯ 2,733 ಹೊರಬಂದದ್ದೂ ಜನ 325ರ ಮೇಲೆ ತಕರಾರು ಮಾಡಿದ್ದರಿಂದಲೇ. ಬೆಳಕಿಗೇ ಬಾರದ ಸಂಖ್ಯೆಯ ಮೇಲೆ ತಕರಾರು ಮಾಡುವುದು ಹೇಗೆ?

2020ರ ಫೆಬ್ರುವರಿಯಲ್ಲಿ ಜಮ್ನಾಪಾರ್ ಮತ್ತೆ ಉರಿಯಿತು. ಈಶಾನ್ಯ ದೆಹಲಿಯ ಗಲಭೆಯಲ್ಲಿ ಸತ್ತವರು 53 ಮಂದಿ, ಪೊಲೀಸರು ದಾಖಲಿಸಿದ ಎಫ್‌ಐಆರ್‌ಗಳು 750ಕ್ಕೂ ಹೆಚ್ಚು. 1984ರಲ್ಲಿ 2,733 ಸಾವಿಗೆ 587. ಎಫ್‌ಐಆರಿನ ಎಣಿಕೆಯೊಂದನ್ನೇ ಮುಂದಿಟ್ಟುಕೊಂಡು ಇತಿಹಾಸ ಬರೆಯುವವನು ಮುಂದೊಂದು ದಿನ, 1984ಕ್ಕಿಂತ 2020 ದೊಡ್ಡ ಹತ್ಯಾಕಾಂಡ ಎಂದು ಬರೆದರೂ ಬರೆದಾನು. ತ್ರಿಲೋಕಪುರಿಯ ಗಲ್ಲಿಯಲ್ಲಿ ಗಂಡ-ಮಕ್ಕಳನ್ನು ಕಳೆದುಕೊಂಡು ಪಶ್ಚಿಮ ದೆಹಲಿಯ ತಿಲಕ್ ವಿಹಾರದ ವಿಧವೆಯರ ಕಾಲೊನಿಗೆ ಹೋಗಿ ಮುಪ್ಪಾದ ಹೆಂಗಸರಿಗೆ ಅದನ್ನು ಓದಿ ಹೇಳುವವರು ಯಾರು?

ಬೆಳಗಿನ ಹೊತ್ತು ಕರ್ಕರ್‌ಡೂಮಾ ನಿಲ್ದಾಣದ ಮೆಟ್ಟಿಲಿಳಿದ ಜನ ಎರಡಾಗಿ ಕವಲೊಡೆಯುತ್ತಾರೆ. ಕಪ್ಪು ಕೋಟಿನವರು, ಕಕ್ಷಿದಾರರು ಕೋರ್ಟಿನ ಗೇಟಿಗೆ, ಉಳಿದ ಕೆಲವರು ಸಾಂಖ್ಯಿಕಿ ಭವನಕ್ಕೆ. ಆ ಕಚೇರಿಯ ಕೆಳಗೆ ದುಡಿಯುವ ಸಮೀಕ್ಷಕರು ಈಗ ಕಾಗದ ಬಿಟ್ಟು ಟ್ಯಾಬ್ ಹಿಡಿದು ತ್ರಿಲೋಕಪುರಿಗೂ ಹೋಗುತ್ತಾರೆ, ಹೂವಿನಹಡಗಲಿಗೂ ಹೋಗುತ್ತಾರೆ. ಮನೆಯಲ್ಲಿ ಎಷ್ಟು ಜನ, ಎಷ್ಟು ಎಣ್ಣೆ, ಯಾರು ದುಡಿಯುತ್ತಾರೆ ಎಂದು ಒಂದೊಂದಾಗಿ ಕೇಳಿ, ನೀರು ಕೊಟ್ಟರೆ ಕುಡಿದು, ಮುಂದಿನ ಬಾಗಿಲಿಗೆ ನಡೆಯುತ್ತಾರೆ. ಈ ಮನೆಯಲ್ಲಿ ಯಾರಿಗಾದರೂ ಹೊಡೆದರಾ, ಯಾರನ್ನಾದರೂ ಕೊಂದರಾ, ಹೇಳಿಕೊಳ್ಳಲು ಹೋದಾಗ ಠಾಣೆ ಬರೆದುಕೊಂಡಿತೆ ಎಂಬ ಪ್ರಶ್ನೆ ಅವರ ಟ್ಯಾಬಿನಲ್ಲಿ ಇನ್ನೂ ಬಂದಿಲ್ಲ.